‘ನಾವು’ ಅಂದದ್ದೇ ತಪ್ಪಾಯಿತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಮನೆಯ ಬಾಗಿಲ ಹೊರಗೆ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು, ನಿಂತಲ್ಲೇ ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ತುಟಿಗಳು ಅಲುಗುತ್ತಿವೆ. ‘ದೇವರೇ, ನನ್ನ ಕೈ ತಣ್ಣಗಿರದ ಹಾಗೆ ಮಾಡು’ ಎಂಬುದಷ್ಟೇ ಆ ಪ್ರಾರ್ಥನೆ. ನಿದ್ದೆಯಿಂದ ಆಗತಾನೆ ಎದ್ದ ಮುದಿ ಮೈಗೆ ತಣ್ಣನೆಯ ಕೈ ತಗುಲಿದರೆ ಅದು ಸಂಜೆಯವರೆಗೂ ಮುದುಡಿಕೊಂಡೇ ಇರುತ್ತದೆ ಎಂಬುದು ಅವರ ಅನುಭವ. ಇಂದು ಕೈಗಳು ಬೇಗ ಬಿಸಿಯಾಗುತ್ತಿಲ್ಲ. ಎದೆಯೊಳಗೆ ಅಳುಕು ಇದ್ದಾಗ ಕೈ ಹೇಗೆ ಬಿಸಿಯಾದೀತು?

ಒಳಗೆ ಮಂಚದ ಮೇಲೆ ಡ್ರೈವರಪ್ಪ ಎಚ್ಚರವಾಗಿಯೇ ಇದ್ದಾರೆ. ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮೀಸೆಯ ಗತ್ತು ಮಾತ್ರ ಇದ್ದ ಹಾಗೇ ಇದೆ.

“ಎದ್ದಿದ್ದೀರಾ ಡ್ರೈವರಪ್ಪ? ನಾವೀಗ ಮೆಲ್ಲಗೆ...” ಎಂದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ. “ನೀವೀಗ ಮೆಲ್ಲಗೆ ಎದ್ದು ಕೂತ್ಕೊಳ್ಳಿ. ನಾನು ಹಿಡ್ಕೋತೀನಿ.”

“ಇದ್ಯಾವ ಹೊಸ ಭಾಷೆ?”

“ಇವತ್ತೊಂದಿನ ಹೀಗೇ.”

“ಅಂದ್ರೆ ಇವತ್ತು ನೀನು ಬೇರೆ, ನಾನು ಬೇರೆ. ಪಾಲಾಯ್ತು ಅನ್ನು.”

ಅಡುಗೆಮನೆಯಿಂದ ಮಗಳ ದನಿ ಬರುತ್ತದೆ. “ಅಪ್ಪಾ, ತಮಾಷೆ ಸಾಕು. ನಗರಸಭೆಯ ಆ ಮೇಡಂ ಬಂದು ಕೇಳಿದ್ರೆ ಏನನ್ನಬೇಕು ಹೇಳು ನೋಡೋಣ. ‘ನನ್ನ ಕೈಲಾಗಲ್ಲ.’ ಇಷ್ಟೇ. ಎರಡೇ ಮಾತು.”

ಡ್ರೈವರಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ.

ಈ ಹೆಂಗಸಿಗೆ ಬೀದಿಯಲ್ಲಿ ನಾವಕ್ಕ ಎಂದೇ ಹೆಸರು. ನಗರಸಭೆಯ ಮನೆ ಆರೈಕೆ ಯೋಜನೆಯಲ್ಲಿ ಕೆಲಸ. ಮಧ್ಯಾಹ್ನದೊಳಗೆ ಐದು ಮನೆಗಳು. ಹಾಸಿಗೆ ಹಿಡಿದವರನ್ನು ಎಬ್ಬಿಸುವುದು, ಮೈ ತೊಳೆಯುವುದು, ಉಣಿಸುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು. ಸಂಬಳ ನಗರಸಭೆಯದು. ಯಾರ ಮನೆಗೆ ಎಷ್ಟು ಹೊತ್ತು ಎಂದು ನಿಗದಿ ಮಾಡುವುದೂ ಅದೇ. ಯಾವ ಮನೆಗೆ ಹೋದರೂ ಇವರದು ಒಂದೇ ಮಾತು: ನಾವು ಏಳೋಣ್ವಾ, ನಾವು ಸ್ನಾನ ಮಾಡೋಣ್ವಾ, ನಾವು ಮಾತ್ರೆ ತಗೊಳ್ಳೋಣ್ವಾ. ಹಿಂದಿನ ಬೀದಿಯ ಅಜ್ಜಿಯೊಬ್ಬರು ಇದನ್ನು ಹಿಡಿದು ಕಾಡುತ್ತಾರೆ. “ಕಹಿ ಮಾತ್ರೆಗೆ ‘ನಾವು’, ಬಿಸ್ಕತ್ತಿಗೆ ಮಾತ್ರ ‘ನೀವು ತಿನ್ನಿ’. ಚೆನ್ನಾಗಿದೆ ಕಣೇ ನಿನ್ನ ವ್ಯಾಕರಣ.”

ನಾವಕ್ಕ ತಮ್ಮ ವ್ಯಾಕರಣವನ್ನು ಬಿಟ್ಟುಕೊಡುವುದಿಲ್ಲ. “‘ನೀವು ಏಳಿ’ ಅಂದ್ರೆ ಆಳಿಗೆ ಹೇಳಿದ ಹಾಗಾಗುತ್ತೆ. ‘ನಾನು ಎಬ್ಬಿಸ್ತೀನಿ’ ಅಂದ್ರೆ ಮೂಟೆ ಎತ್ತಿದ ಹಾಗೆ. ‘ನಾವು ಏಳೋಣ’ ಅಂದಾಗ ಇಬ್ಬರು ಮನುಷ್ಯರು ಎದ್ದ ಹಾಗಿರುತ್ತೆ. ಅಷ್ಟೇ ನನಗೆ ಗೊತ್ತಿರೋದು.”

ಈ ಮಾತನ್ನು ಅವರು ಕಲಿತದ್ದು ತಮ್ಮ ಅತ್ತೆಯ ಹಾಸಿಗೆಯ ಪಕ್ಕದಲ್ಲಿ. ಆಗ ಯೋಜನೆಯೂ ಇರಲಿಲ್ಲ, ಬಾಗಿಲು ತಟ್ಟುವವರೂ ಇರಲಿಲ್ಲ. ನೂಲಿನ ಗಿರಣಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಸೊಸೆ ಅತ್ತೆಗಾಗಿ ಅದನ್ನು ಬಿಟ್ಟು ಮನೆಯಲ್ಲಿ ಕುಳಿತರು. ಒಂದು ಸಂಬಳ ನಿಂತಿತು. ಮಗನ ಓದು ಅರ್ಧಕ್ಕೆ ನಿಂತಿತು. ಬಾಡಿಗೆ ಕಟ್ಟಲಾಗದೆ ಸಣ್ಣ ಮನೆಗೆ ಬಂದರು, ಅಲ್ಲಿಂದ ಇನ್ನೂ ಸಣ್ಣದಕ್ಕೆ. ಅತ್ತೆ ತೀರಿಕೊಂಡ ಮೇಲೆ ಗಿರಣಿಯ ಬಾಗಿಲಿಗೆ ಹೋದರೆ ಅಲ್ಲಿ ಬೇರೆ ಯಂತ್ರ, ಬೇರೆ ಹುಡುಗಿಯರು. “ಅತ್ತೆಯ ಸೇವೆ ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಅವರಿಲ್ಲದ ಮನೆಗೆ ಇವತ್ತಿಗೂ ಒಗ್ಗಿಕೊಳ್ಳೋಕೆ ಆಗಿಲ್ಲ. ಆದರೆ ಒಬ್ಬರು ಮಲಗಿದ್ದಕ್ಕೆ ಇಡೀ ಮನೆ ಮಲಗಿಬಿಡ್ತಲ್ಲ, ಅದೇ ಸಂಕಟ” ಎನ್ನುತ್ತಾರೆ.

ಡ್ರೈವರಪ್ಪನ ಮನೆ ಮಲಗಿಲ್ಲ. ನಾವಕ್ಕ ಬೆಳಿಗ್ಗೆ ಬರುತ್ತಾರೆ ಎಂಬ ಧೈರ್ಯದ ಮೇಲೆ ಮಗಳು ಬ್ರೆಡ್ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುತ್ತಾಳೆ. ಅವಳ ಸಂಬಳದಿಂದಲೇ ಮನೆ ನಡೆಯುವುದು, ಇಬ್ಬರು ಮಕ್ಕಳು ಶಾಲೆಗೆ ಹೋಗುವುದು. ಅವಳ ಸಂಬಳದಲ್ಲಿ ಒಂದಿಷ್ಟು ಕೆಳಗಿನ ಕಿರಾಣಿ ಅಂಗಡಿಗೂ ಸೇರುತ್ತದೆ. ಆ ಅಂಗಡಿಯವರೇ ಒಮ್ಮೆ “ನಮ್ಮ ತೆರಿಗೆ ದುಡ್ಡಲ್ಲಿ ಮುದುಕರಿಗೆ ಸ್ನಾನ” ಎಂದು ಗೊಣಗಿದ್ದರಂತೆ.

“ಹೌದಣ್ಣ, ನಿಲ್ಲಿಸಿಬಿಡೋಣ. ಡ್ರೈವರಪ್ಪನ ಮಗಳು ಮನೇಲಿರ್ತಾಳೆ, ನಿಮ್ಮ ಅಂಗಡಿಗೆ ಸಾಲ ಕೇಳೋಕೆ ಪುರುಸೊತ್ತಾಗಿ ಬರ್ತಾಳೆ. ನಾನೂ ಜೊತೆಗೆ ಬರ್ತೀನಿ” ಎಂದರು ನಾವಕ್ಕ. ಅಂದಿನಿಂದ ಅಂಗಡಿಯವರು ಗೊಣಗುವುದನ್ನು ಸ್ವಲ್ಪ ಕಡಿಮೆ ಮಾಡಿದ್ದಾರೆ.

ಹೋದ ತಿಂಗಳು ನಗರಸಭೆಯಿಂದ ಪರಿಶೀಲನೆಗೆ ಒಬ್ಬ ಮೇಡಂ ಬಂದರು. ಖರ್ಚು ಹೆಚ್ಚಾಗಿದೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಿಗೆ ಹೊತ್ತು ಕಡಿಮೆ ಮಾಡಬೇಕು ಎಂಬುದು ಮೇಲಿನ ಅಪ್ಪಣೆ. ಅಂದು ಮಗಳು ಪಾಳಿಯಲ್ಲಿದ್ದಳು, ನಾವಕ್ಕ ಬೇರೆ ಮನೆಯಲ್ಲಿದ್ದರು. ಮೇಡಂ ವಿನಯದಿಂದ ಕೇಳಿದರು, ಡ್ರೈವರಪ್ಪ ಗತ್ತಿನಿಂದ ಉತ್ತರ ಕೊಟ್ಟರು. ವಾರ ಕಳೆಯುವುದರೊಳಗೆ ಕಚೇರಿಯಿಂದ ಫೋನು ಬಂತು: ಬೆಳಗಿನ ಆರೈಕೆ ಇನ್ನು ದಿನ ಬಿಟ್ಟು ದಿನ, ಅದೂ ಅರ್ಧ ಹೊತ್ತು ಮಾತ್ರ.

ನಾವಕ್ಕ ಕಚೇರಿಗೆ ಓಡಿದರು. ಮೇಡಂ ತಾಳ್ಮೆಯಿಂದಲೇ ಹೇಳಿದರು. “ಅವರೇ ಹೇಳಿದ್ರಲ್ಲಮ್ಮ. ‘ನಾವು ಏಳ್ತೀವಿ, ನಾವು ಸ್ನಾನ ಮಾಡ್ತೀವಿ, ನಾವು ಅಂಗಿ ಹಾಕ್ಕೋತೀವಿ’ ಅಂತ.”

ತಪ್ಪು ಎಲ್ಲಾಯಿತೆಂದು ನಾವಕ್ಕನಿಗೆ ಆಗ ಹೊಳೆಯಿತು. ಹಳೆಯ ಕಾಲದ ಹಿರಿಯರು ಒಬ್ಬರೇ ಇದ್ದರೂ ತಮ್ಮನ್ನು ‘ನಾವು’ ಎಂದು ಕರೆದುಕೊಳ್ಳುವುದುಂಟು. ಆ ಮೀಸೆ, ಆ ದನಿ ಕಂಡು ಮೇಡಂ ಇದೂ ಹಾಗೇ ಎಂದುಕೊಂಡಿದ್ದಾರೆ. ಮೂರು ವರ್ಷ ಬೆಳಿಗ್ಗೆ ಎದ್ದು ಕೇಳಿದ ಮಾತು ಡ್ರೈವರಪ್ಪನ ಬಾಯಿಗೆ ಅಂಟಿಕೊಂಡಿತ್ತು ಅಷ್ಟೇ. “ಅವರ ಬಾಯಲ್ಲಿ ನನ್ನ ನಾಲಿಗೆ ಕೂತಿತ್ತು. ಆ ಮನೆಯ ಅನ್ನ ಕಿತ್ಕೊಂಡವಳು ನಾನೇ ಆದೆ” ಎಂದು ಹೇಳುವಾಗ ಅವರ ಕಣ್ಣು ನೆಲದ ಮೇಲಿರುತ್ತದೆ. ಇನ್ನೊಮ್ಮೆ ಬಂದು ಕಣ್ಣಾರೆ ನೋಡುತ್ತೇನೆ, ಅಲ್ಲಿಯವರೆಗೆ ಹೊತ್ತು ಮೊದಲಿನಂತೆಯೇ ಇರಲಿ ಎಂದು ಮೇಡಂ ಒಪ್ಪಿದ್ದಾರೆ. ಅದು ಇಂದು. ಇಂದು ತಪ್ಪಿದರೆ ಮಗಳು ಮುಂದಿನ ವಾರದಿಂದ ಪಾಳಿ ಬಿಡಬೇಕು. ಪಾಳಿ ಬಿಟ್ಟವರಿಗಾಗಿ ಕಾರ್ಖಾನೆ ಕಾಯುವುದಿಲ್ಲ.

ಮೇಡಂ ಬರುತ್ತಾರೆ. ಕುರ್ಚಿ ಎಳೆದುಕೊಂಡು ಮಂಚದ ಹತ್ತಿರ ಕೂರುತ್ತಾರೆ. ಮಗಳು ಕೆಲಸದ ಬಟ್ಟೆಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಅರ್ಧ ಪಾಳಿಗಾದರೂ ಹೋಗುವ ಆಸೆ.

“ಯಾರೂ ಸಹಾಯ ಮಾಡ್ಬೇಡಿ. ಈ ಅಂಗಿ ಹಾಕ್ಕೋತೀರಾ?” ಎನ್ನುತ್ತಾರೆ ಮೇಡಂ.

ಡ್ರೈವರಪ್ಪ ಎಡಗೈಯಿಂದ ಅಂಗಿ ಎಳೆದುಕೊಳ್ಳುತ್ತಾರೆ. ಬಲಗೈ ತೋಳಿನೊಳಕ್ಕೆ ಹೋಗಲು ಒಪ್ಪುವುದಿಲ್ಲ. ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ಹಣೆಯಲ್ಲಿ ಬೆವರು ಒಡೆಯುತ್ತದೆ. ನಾವಕ್ಕ ತಮ್ಮ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಬಿಟ್ಟರೆ ಅವು ತಾವಾಗಿಯೇ ಮುಂದೆ ಹೋಗಿಬಿಡುತ್ತವೆ. ಹೋಗಬಾರದು. ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟದ ಕೆಲಸವೆಂದು ಅವರಿಗೆ ಇಂದೇ ತಿಳಿದದ್ದು. ಅಂಗಿ ಮಂಚದಿಂದ ಜಾರಿ ಕೆಳಗೆ ಬೀಳುತ್ತದೆ.

“ಹೋದ ಸಲ ‘ನಾವು ಹಾಕ್ಕೋತೀವಿ’ ಅಂದ್ರಲ್ಲ?” ಮೇಡಂ ಮೆಲ್ಲಗೆ ಕೇಳುತ್ತಾರೆ.

“ಹೌದು. ನಾನು, ಇವಳು. ನೀವು ಯಾರನ್ನ ಅಂದ್ಕೊಂಡ್ರಿ?”

“ನಿಮ್ಮೊಬ್ಬರನ್ನೇ. ನಮ್ಮ ತಾತ ಹಾಗೇ ಅಂತಿದ್ರು. ಒಬ್ಬರೇ ಕೂತು ಊಟ ಮಾಡಿದ್ರೂ ‘ನಾವು ಊಟ ಮಾಡಿದ್ವಿ.’”

“ನಿಮ್ಮ ತಾತ ಬಸ್ಸಿನ ಮಾಲೀಕರಿರಬೇಕು. ನಾನು ಬರೀ ಡ್ರೈವರ್.”

ಮೇಡಂಗೆ ನಗು ತಡೆಯಲಾಗುವುದಿಲ್ಲ. ಡ್ರೈವರಪ್ಪ ನಗುವುದಿಲ್ಲ. ಬಾಗಿಲಲ್ಲಿ ನಿಂತ ಮಗಳನ್ನೊಮ್ಮೆ ನೋಡುತ್ತಾರೆ, ಅವಳ ಮೈಮೇಲಿನ ಕೆಲಸದ ಬಟ್ಟೆಯನ್ನು ನೋಡುತ್ತಾರೆ. ಆಮೇಲೆ, ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಆಡುತ್ತಾರೆ. “ನನ್ನ ಕೈಲಾಗಲ್ಲಮ್ಮ.”

ಕೆಳಗೆ ಬಿದ್ದ ಅಂಗಿಯನ್ನು ಮೇಡಂ ತಾವೇ ಬಗ್ಗಿ ಎತ್ತಿ, ಕೊಡವಿ, ನಾವಕ್ಕನ ಕೈಗೆ ಕೊಡುತ್ತಾರೆ.

“ಬೆಳಗಿನ ಹೊತ್ತು ಮೊದಲಿನ ಹಾಗೇ ಇರಲಿ ಅಂತ ಬರೀತೀನಿ. ಅಷ್ಟು ನನ್ನ ಅಧಿಕಾರದಲ್ಲಿದೆ. ಆದರೆ ಆರು ತಿಂಗಳಿಗೆ ಮತ್ತೆ ಬಂದು ನೋಡಬೇಕು. ಅಷ್ಟರಲ್ಲಿ ಕೈ ಚೇತರಿಸಿಕೊಂಡಿದ್ರೆ ಕಡಿಮೆ ಮಾಡ್ತಾರೆ.”

ಮಗಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಓಡುತ್ತಾಳೆ. ಮೇಡಂ ಕೂಡ ಹೊರಡುತ್ತಾರೆ. ಹೊರಡುವಾಗ ನಿಂತು, ನಾವಕ್ಕ ನೋಡಿಕೊಳ್ಳುವ ಉಳಿದ ನಾಲ್ಕು ಮನೆಯವರೂ ಪರಿಶೀಲನೆಗೆ ಬಂದ ಬೇರೆ ಅಧಿಕಾರಿಗಳ ಮುಂದೆ ‘ನಾವು’ ಎಂದೇ ಹೇಳಿದ್ದಾರೋ ಎಂದು ಕೇಳುತ್ತಾರೆ. ಆ ನಾಲ್ಕು ಮನೆಗಳ ಅಡುಗೆಮನೆಗಳು, ಕೆಲಸಕ್ಕೆ ಹೊರಟುನಿಂತ ಸೊಸೆಯರು, ಮಕ್ಕಳು ಒಬ್ಬೊಬ್ಬರಾಗಿ ನಾವಕ್ಕನ ಕಣ್ಣ ಮುಂದೆ ಹಾದುಹೋಗಿರಬೇಕು.

ಈಗ ಅವರು ಡ್ರೈವರಪ್ಪನ ಬಲಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀವುತ್ತಿದ್ದಾರೆ. ನಡುಬೆರಳು ಎರಡು ವಾರದಿಂದ ಸ್ವಲ್ಪ ಮಣಿಯುತ್ತಿದೆಯಂತೆ. ದೇವರಲ್ಲಿ ಏನು ಬೇಡುತ್ತೀರಿ ಎಂದು ಕೇಳಿದರೆ, ನೀವುವ ಕೈ ನಿಲ್ಲಿಸದೆಯೇ ಹೇಳುತ್ತಾರೆ.

“ಈ ಕೈ ಸರಿಹೋಗ್ಲಿ ಅಂತಲೇ ಬೇಡೋದು. ಪೂರ್ತಿ ಸರಿಹೋದ್ರೆ ಚಿಂತೆಯಿಲ್ಲ, ನನ್ನ ಒಂದು ಮನೆ ಹೋಗುತ್ತೆ ಅಷ್ಟೇ. ಅರ್ಧ ಸರಿಹೋದ್ರೆ ಇವರ ಹೊತ್ತು ಹೋಗುತ್ತೆ, ಮಗಳ ಪಾಳೀನೂ ಹೋಗುತ್ತೆ. ಅದೇ ಭಯ. ಆದರೂ ಕೈ ಹಿಡ್ಕೊಂಡು ಕೂತಮೇಲೆ ಬೇರೆ ಏನಂತ ಬೇಡ್ಲಿ?”