ಬಸ್ಸು ಓಡಾಡುವ ಊರಿನ ಕಾಲೇಜು

ನನ್ನ ಮಗಳ ಗೆಳತಿಯನ್ನು ಬಿಡಲು ಅವಳ ತಾಯಿ ಮಿಶಿಗನ್‌ನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ನಮ್ಮ ಮನೆಗೆ ಬರುವಾಗ ದೊಡ್ಡ ರಸ್ತೆ ಬಿಟ್ಟು ಬಡಾವಣೆಗಳ ಒಳದಾರಿಯಲ್ಲೇ ಬರುತ್ತಿದ್ದರು. ಕಾರಿನಲ್ಲಿ ಹಾಡಿಲ್ಲ, ಮಾತಿಲ್ಲ. ಕಾನ್ವೆಂಟಿನಲ್ಲಿ ಪರೀಕ್ಷೆಗೆ ಕೂತ ನಮ್ಮ ಹಾಗೆ ನೆಟ್ಟಗೆ ಕೂತಿರುತ್ತಿದ್ದರು. ಪಕ್ಕದಲ್ಲಿದ್ದ ಹುಡುಗಿಯ ಕಣ್ಣು ಸದಾ ಕನ್ನಡಿಯ ಮೇಲೆ, ಹಿಂದೆ ಯಾರು ಬರುತ್ತಿದ್ದಾರೆಂದು.

ಅದೇಕೆಂದು ತಿಳಿದದ್ದು ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಾಗ. ಮೆಕ್ಸಿಕೋದಿಂದ ಅಮ್ಮನ ಕಂಕುಳಲ್ಲಿ ಬಂದವಳು ಅವಳು. ಇಬ್ಬರಿಗೂ ಈ ದೇಶದಲ್ಲಿರಲು ಕಾಗದಪತ್ರವಿಲ್ಲ. ಮಿಶಿಗನ್‌ನಲ್ಲಿ ಅಂಥವರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡುವುದಿಲ್ಲ. ಪೊಲೀಸರು ಒಮ್ಮೆ ಕಾರು ನಿಲ್ಲಿಸಿದರೆ ತಾಯಿಯನ್ನು ದೇಶದಿಂದಲೇ ಹೊರಗೆ ಕಳಿಸಿಬಿಡಬಹುದು.

ಅವಳಿಗೆ ಹತ್ತಿರದ ಸೌತ್‌ಫೀಲ್ಡಿನ ಕಾಲೇಜಿನಲ್ಲೂ ದೂರದ ಶಿಕಾಗೋದಲ್ಲೂ ಸೀಟು ಸಿಕ್ಕಿತು, ಎರಡೂ ಕಡೆ ಸ್ಕಾಲರ್‌ಶಿಪ್ ಸಮೇತ. ಹೆಣ್ಣುಮಗು, ಮನೆಯ ಹತ್ತಿರವೇ ಓದಲಿ ಎಂದು ನನ್ನ ಯೋಚನೆ.

"ಸೌತ್‌ಫೀಲ್ಡ್ ಇಲ್ಲೇ ಇದೆ ಕಣಮ್ಮ, ಊಟಕ್ಕೆ ಮನೆಗೇ ಬರಬಹುದು," ಎಂದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಕನ್ನಡದಲ್ಲೇ ನೆನಪಿದೆ: "ದಿನಾ ಯಾರು ಬಿಡ್ತಾರೆ, ಆಂಟಿ? ಅಲ್ಲಿಗೆ ಸರಿಯಾದ ಬಸ್ಸೂ ಇಲ್ಲ. ಅಮ್ಮ ಕೆಲಸಕ್ಕೆ ಬೇರೆಯವರ ಕಾರಲ್ಲಿ ಹೋಗ್ತಾಳೆ. ಸ್ಟಿಯರಿಂಗ್ ಹಿಡಿಯೋದು ನನ್ನ ಬಿಡೋಕೆ ಮಾತ್ರ."

"ನಾನು ಬಿಡ್ತೀನಿ."

"ನಾಲ್ಕು ವರ್ಷಾನಾ?" ಎಂದು ನಕ್ಕಳು. ನಾನೂ ನಕ್ಕೆ.

ಆ ಏಪ್ರಿಲ್‌ನಲ್ಲಿ ಸೀರೆ ಕೊಳ್ಳಲು ಶಿಕಾಗೋಗೆ ಹೊರಟವರು ಅವಳನ್ನೂ ಕರೆದುಕೊಂಡು ಹೋಗಿ ಕಾಲೇಜು ತೋರಿಸಿದೆವು. ಕಾಲೇಜು ನೋಡಲು ಬಂದಿದ್ದ ಉಳಿದ ಮಕ್ಕಳು ಹಾಸ್ಟೆಲ್ ಹೇಗೆ, ಊಟ ಹೇಗೆ ಎಂದು ವಿಚಾರಿಸುತ್ತಿದ್ದರೆ ಇವಳು ಹೊರಗೆ ಬಸ್‌ಸ್ಟಾಪಿನ ನಕ್ಷೆಯ ಮುಂದೆ ನಿಂತಿದ್ದಳು.

"ಓದೋಕೆ ಬರ್ತೀಯೋ, ಕಂಡಕ್ಟರ್ ಕೆಲಸಕ್ಕೋ?" ನಮ್ಮ ಯಜಮಾನರು ರೇಗಿಸಿದರು.

"ಲೈಬ್ರರಿಗೆ, ಅಂಗಡಿಗೆ, ಡಾಕ್ಟರ ಹತ್ರಕ್ಕೆ, ಎಲ್ಲಾ ಕಡೆ ಬಸ್ಸಿದೆ ಅಂಕಲ್! ಇಲ್ಲಿ ನನಗೋಸ್ಕರ ಯಾರೂ ಹೆದರ್ಕೊಂಡು ಡ್ರೈವ್ ಮಾಡ್ಬೇಕಾಗಿಲ್ಲ."

ಮಗಳನ್ನು ಅಷ್ಟು ದೂರ ಕಳಿಸಬೇಕಲ್ಲ ಎಂದು ಅವಳ ತಾಯಿ ಅತ್ತರು. ಇವಳು ಹಿಡಿದ ಹಟ ಬಿಡಲಿಲ್ಲ, ಶಿಕಾಗೋದಲ್ಲೇ ಸೇರಿದಳು.

ಮೊನ್ನೆ ಮತ್ತೆ ಆ ಊರಿಗೆ ಹೋದಾಗ ನಮ್ಮವರ ಅಂಗಡಿ-ಹೋಟೆಲುಗಳಿರುವ ಡೆವನ್ ಅವೆನ್ಯೂಗೆ ಅವಳನ್ನು ಊಟಕ್ಕೆ ಕರೆದೆವು. "ಪಿಕಪ್ ಮಾಡೋಕೆ ಬರ್ಬೇಡಿ ಆಂಟಿ, ನಾನೇ ಬಸ್ಸಲ್ಲಿ ಬರ್ತೀನಿ," ಎಂದಳು. ಕಾರಿಗೆ ಜಾಗ ಹುಡುಕುತ್ತಾ ಅವವೇ ಬೀದಿಗಳನ್ನು ಸುತ್ತಿ ನಾವು ಬರುವಷ್ಟರಲ್ಲಿ ಅವಳು ಹೋಟೆಲಿನ ಗೋಡೆಗೆ ಆರಾಮಾಗಿ ಒರಗಿಕೊಂಡು, ತಾಯಿಯೊಂದಿಗೆ ಫೋನಿನಲ್ಲಿ ಹರಟುತ್ತಿದ್ದಳು. ನಮ್ಮನ್ನು ಕಂಡು ಹುಬ್ಬೇರಿಸಿದಳು.

"ಪಾರ್ಕಿಂಗ್ ಸಿಕ್ತಾ, ಆಂಟಿ?"