ಕುಣಿಯ ಅಂಚಿಗೆ ಬಂದ ತಾಶೀಲ್ದಾರ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಗಂಡಸಿನ ಮಗ್ಗದ ಕುಣಿಗೆ ಕಾಲಿಳಿಸಿ ಕೂತ ಮೊದಲ ಹೆಂಗಸು ಗುರುಲಿಂಗಮ್ಮ ಎಂದು ಈಗ ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಗ ಬಾಯಿಗೆ ಬಂದಂತೆ ಆಡಿಕೊಂಡವರೂ ಇವರೇ. ಆಕೆ ಕುಣಿಗಿಳಿದದ್ದು ಸೀರೆ ನೇಯುವುದಕ್ಕಲ್ಲ, ಒಂದು ಆಮೆಯ ಕಣ್ಣು ಒರೆಸುವುದಕ್ಕೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆಮೆ ಅವಳದಲ್ಲ, ಗಂಡ ಕರಿಬಸಯ್ಯನದು. ಧನ್ವಾಡದ ಕಡೆ ಗುಡ್ಡದಲ್ಲಿ ಸಿಕ್ಕಿದ ಅಂಗೈಯಗಲದ ಮರಿಯನ್ನು ಅವನು ಪಂಚೆಯಲ್ಲಿ ಸುತ್ತಿಕೊಂಡು ತಂದಿದ್ದ. ಬೆನ್ನ ಮೇಲೆ ಹಳದಿ ಚುಕ್ಕಿ, ನಡಿಗೆಯಲ್ಲಿ ಭಾರೀ ಗತ್ತು. ಯಾರ ಕೂಗಿಗೂ ಓಗೊಡದೆ ಸಿಕ್ಕಿದ್ದನ್ನೆಲ್ಲ ತಿನ್ನುವುದನ್ನು ನೋಡಿ ಅದಕ್ಕೆ ತಾಶೀಲ್ದಾರ ಎಂದು ಹೆಸರಿಟ್ಟ. ಮನೆಯೊಳಗೆ ಆಮೆ ಇರಬಾರದು ಎಂದು ಪಕ್ಕದ ಮನೆಯ ಮುದುಕಿ ಬುಚ್ಚಮ್ಮ ಎಷ್ಟು ಬಡಕೊಂಡರೂ ಅವನು ನಕ್ಕು ಸುಮ್ಮನಾಗುತ್ತಿದ್ದ. ಎಂಟು ವರ್ಷ ಅದು ಅವನ ಮಗ್ಗದ ಸುತ್ತಲೇ ಬೆಳೆಯಿತು. ಅವನು ಎತ್ತಿದರೆ ಕತ್ತು ಚಾಚುತ್ತಿತ್ತು. ಗುರುಲಿಂಗಮ್ಮ ಹತ್ತಿರ ಹೋದರೆ ಬುಸ್ಸೆಂದು ಒಳಕ್ಕೆಳೆದುಕೊಂಡು ಕಲ್ಲಾಗುತ್ತಿತ್ತು. ಅವಳಿಗೂ ಅದೇನು ಮುದ್ದಿನದಲ್ಲ, ಬಿಡಿ.

ಆ ವರ್ಷ ಆಷಾಢದಲ್ಲಿ ಕರಿಬಸಯ್ಯ ಕಾಂಗ್ರೆಸ್ ಬಾವುಟದ ಮೂರು ಬಣ್ಣದ ಅಂಚು ಹಾಕಿ ಬಟ್ಟೆ ನೇಯ್ದಿದ್ದಾನೆಂಬ ಸುದ್ದಿ ನಿಜಾಮನ ರಜಾಕಾರರ ಕಿವಿಗೆ ಬಿತ್ತು. ನೇಯ್ದದ್ದು ನಿಜ. ಹಿಡಿಯಲು ಬರುತ್ತಾರೆಂದು ಹೇಳಲು ಗೆಳೆಯ ಅಂಜಯ್ಯ ಬೆಳಗಾಗುತ್ತಲೇ ಓಡಿಬಂದ. ಮಕ್ತಲ್ ದಾಟಿ, ಕೃಷ್ಣೆ ದಾಟಿ, ಗದ್ವಾಲದ ಮೇಲೆ ಹಾಯ್ದು ತುಂಗಭದ್ರೆಯಾಚೆ ಸೇರಿದರೆ ಅದು ನಿಜಾಮನ ಸೀಮೆಯಲ್ಲ. ಇಬ್ಬರೂ ಹೊರಟರು. ಮಗ್ಗದ ಮೇಲಿನ ಸೀರೆ ಮೊಳದಷ್ಟು ಉಳಿದಿತ್ತು.

ಹೊಸ್ತಿಲಲ್ಲಿ ನಿಂತು ಕರಿಬಸಯ್ಯ ಹೇಳಿದ್ದು ಒಂದೇ ಮಾತು: "ತಾಶೀಲ್ದಾರಗ ನಿನ್ನ ಕೈ ರೂಢಿ ಮಾಡಸು. ನಾ ಬರೂಮಟ ಸಾಯಬಾರದು ಅದು."

ಹೋಗುವ ಗಂಡಸು ಹೆಂಡತಿಗೆ ಹೇಳುವ ಮಾತೇ ಇದು? ಅವಳಿಗೆ ಸಿಟ್ಟೇ ಬಂತು. ಆದರೆ ದಿನ ಕಳೆದಂತೆ ಆ ಮಾತು ಎದೆಯಲ್ಲಿ ಬೇರೆಯೇ ಆಗಿ ಕೂತಿತು. ನಾ ಬರುವವರೆಗೆ ಸಾಯಬಾರದು ಎಂದ. ಅದು ಸತ್ತರೆ? ಅದರಾಚೆ ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಆಮೆಯ ಉಸಿರು ಇರುವವರೆಗೆ ಗಂಡನೂ ಎಲ್ಲೋ ಉಸಿರಾಡುತ್ತಿದ್ದಾನೆ ಎಂದು ನಂಬಿಬಿಟ್ಟಳು.

ನಂಬಿದ ಮೇಲೆ ಶುರುವಾಯಿತು ಪೀಕಲಾಟ. ಮುಂಜಾನೆ ಎದ್ದವಳೇ ಆಮೆಯನ್ನು ಗಪ್ಪನೆ ಹಿಡಿದೆತ್ತುವಳು, ಬಾಯಿ ಹತ್ತಿರ ಮೆಂತ್ಯದ ಸೊಪ್ಪು ಹಿಡಿಯುವಳು. ಅದು ಒಳಗೆ ಸೇರಿದರೆ ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ. ರೂಢಿ ಮಾಡಿಸು ಎಂದಿದ್ದಾನಲ್ಲ, ಹೆಚ್ಚು ಹಿಡಿದಷ್ಟೂ ಬೇಗ ರೂಢಿಯಾದೀತು ಎಂದು ಅವಳ ಲೆಕ್ಕ. ಆದದ್ದು ತಿರುಗುಮುರುಗು. ಶ್ರಾವಣ ಮುಗಿಯುವ ಹೊತ್ತಿಗೆ ಅವಳ ಹೆಜ್ಜೆಯ ಸಪ್ಪಳ ಕೇಳಿದರೇ ಅದು ತಲೆ ಮರೆಸುತ್ತಿತ್ತು. ಮಳೆಯ ತಂಪಿಗೋ ಏನೋ, ಕಣ್ಣುಗಳು ಬಾತುಕೊಂಡವು. ಒಂದು ಪೂರಾ ಅಂಟಿಹೋಯಿತು, ಇನ್ನೊಂದು ಅರ್ಧ. ಕಾಣದ್ದನ್ನು ಅದು ತಿನ್ನಲಿಲ್ಲ.

"ಬಿಸಿನೀರಾಗ ಅರಿಬಿ ಅದ್ದಿ ಕಣ್ಣು ಒರಸಬೇಕವ್ವಾ, ಕೂಸಿಗೆ ಒರಸಿದಂಗ," ಎಂದಳು ಬುಚ್ಚಮ್ಮ. ಬೈದರೂ ಮನಸ್ಸು ಕೆಟ್ಟದ್ದಲ್ಲ ಮುದುಕಿಯದು.

"ತಲಿ ಹೊರಗ ಹಾಕಿದ್ರ ಅಲ್ಲೇನವ್ವಾ ಒರಸೋದು!" ಎಂದು ಗುರುಲಿಂಗಮ್ಮ ಅತ್ತೇಬಿಟ್ಟಳು.

ಚೌತಿಯ ಮರುದಿನ ಅವಳು ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಾಗ ಕಂಡಿಕೆಯೊಂದು ಉರುಳಿ ಮಗ್ಗದ ಕೆಳಗೆ ಹೋಯಿತು. ಕೆನ್ನೆ ನೆಲಕ್ಕೆ ಹಚ್ಚಿ ಮಲಗಿ ಕೈ ಚಾಚಿದಳು. ಎದುರಿಗೇ ಕುಣಿಯ ಅಂಚಿನಲ್ಲಿ ತಾಶೀಲ್ದಾರ ಕತ್ತು ಪೂರ್ತಿ ಚಾಚಿ ಕೂತಿತ್ತು. ಅರ್ಧ ಕಣ್ಣಲ್ಲಿ ಅವಳನ್ನೇ ನೋಡಿತು. ಕೈ ಪಕ್ಕದಲ್ಲೇ ಹಾದುಹೋದರೂ ಅಲುಗಲಿಲ್ಲ.

ಆಗ ಹೊಳೆಯಿತು ಅವಳಿಗೆ. ಗಂಡ ಇಡೀ ದಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಅಂಚಿಗೆ ಕೂತು ನೇಯುವವನು. ಅವನ ಕೈ ಎಂಟು ವರ್ಷವೂ ನೆಲದ ಮೇಲೇ ಹರಿದಾಡಿ ಆಮೆಯ ಗದ್ದದ ಕೆಳಗೆ ಬಂದಿದೆ. ತನ್ನ ಕೈ ಬರುತ್ತಿದ್ದುದು ಮೇಲಿಂದ, ಹದ್ದು ಎರಗಿದಂತೆ. ಅಯ್ಯೋ, ಎರಡು ತಿಂಗಳು ದಿನಕ್ಕೆ ಮೂರು ಸಲ ಅದನ್ನು ಹೆದರಿಸಿ ಸಾಯಿಸಿದ್ದೇನಲ್ಲ ಎಂದುಕೊಂಡು ಒಲೆ ಹೊತ್ತಿಸಿದಳು.

ಬಟ್ಟೆ, ಬಿಸಿನೀರು ತಂದು ಮತ್ತೆ ಮಲಗಿ ನೋಡಿದಳು. ಮಲಗಿದರೆ ಮೊಣಕೈ ಊರಬೇಕು, ಒಂದೇ ಕೈ ಉಳಿಯುತ್ತದೆ. ಗದ್ದಕ್ಕೆ ಒಂದು ಕೈ, ಒರೆಸಲು ಒಂದು ಕೈ ಬೇಕು. ನೆಲದ ಮಟ್ಟಕ್ಕೆ ಎರಡೂ ಕೈ ಬಿಡುವಾಗಿ ಸಿಗುವ ಜಾಗ ಆ ಮನೆಯಲ್ಲಿ ಒಂದೇ. ಕುಣಿ.

ಆ ಓಣಿಯ ಮಾತೊಂದಿತ್ತು. ನೇಕಾರ ಊರಾಚೆ ಇದ್ದಾಗ ಅವನ ಕುಣಿಯಲ್ಲಿ ಬೇರೆಯವರು ಕಾಲಿಳಿಸಿದರೆ ಅವನ ಕಾಲು ಮನೆಗೆ ತಿರುಗುವುದಿಲ್ಲ. ಅದಕ್ಕೇ ಗುರುಲಿಂಗಮ್ಮ ಗಂಡ ಹೋದ ದಿನವೇ ಅವನ ಹಳೆಯ ಪಂಚೆಯನ್ನು ಕುಣಿಯ ಮೇಲೆ ಹಾಸಿ, ದಿನಾ ವಿಭೂತಿ ಇಟ್ಟು ಕೈಮುಗಿಯುತ್ತಿದ್ದಳು. ಈಗ ಕಾಲಿಳಿಸಿದರೆ ಗಂಡ ಬರುವುದಿಲ್ಲ, ಇಳಿಸದಿದ್ದರೆ ಆಮೆ ಸಾಯುತ್ತದೆ. ಆಮೆ ಸತ್ತರೆ? ಎರಡೂ ಕಡೆ ಅದೇ ಗುಂಡಿ. ಆ ದಿನವೆಲ್ಲ ಅವಳು ಅನ್ನ ಮುಟ್ಟಲಿಲ್ಲ.

ಮರುದಿನ ಮುಂಜಾನೆ ಆಮೆ ಕುಣಿಯ ಅಂಚಿನಲ್ಲೇ ಇತ್ತು. ತಲೆ ನೆಲಕ್ಕೆ ಜೋತು ಬಿದ್ದಿತ್ತು. ಗುರುಲಿಂಗಮ್ಮ ಕೊರಳ ಲಿಂಗವನ್ನು ಮುಟ್ಟಿಕೊಂಡಳು, ಪಂಚೆ ಸರಿಸಿದಳು, ಕಾಲಿಳಿಸಿದಳು. ಒಳಗಿನ ತಣ್ಣನೆಯ ತುಳಿಯುವ ಹಲಗೆ ಅಂಗಾಲಿಗೆ ತಾಗಿತು. "ತಪ್ಪಾತ್ರೀ, ತಪ್ಪಾತು," ಎಂದಳು, ಎಲ್ಲಿದ್ದಾನೋ ತಿಳಿಯದ ಗಂಡನಿಗೆ.

ಆ ದಿನ ಅವಳು ಅಂಗೈಯನ್ನು ನೆಲದ ಮೇಲೆ ಇಟ್ಟಳು, ಅಷ್ಟೇ. ಮುಟ್ಟಲಿಲ್ಲ. ಸುಮಾರು ಹೊತ್ತಾದ ಮೇಲೆ ಆಮೆಯೇ ಬಂದು ಬೆರಳಿಗೆ ಮೂಗು ತಾಗಿಸಿತು. ಎರಡನೆಯ ದಿನ ಗದ್ದದ ಕೆಳಗೆ ಬೆರಳಾಡಿಸಿದಳು. ಮೂರನೆಯ ದಿನ ಬಟ್ಟೆಯ ಅಂಚಿನಿಂದ ಕಣ್ಣಿನ ಪಿಸುರು ನೆನೆಸಿ ನೆನೆಸಿ ತೆಗೆದಳು. ನಾಲ್ಕನೆಯ ದಿನ ಆಕಾಶದಲ್ಲಿ ವಿಮಾನದ ಸದ್ದಾಯಿತು, ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು. ಗುರುಲಿಂಗಮ್ಮ ಕುಣಿಯಲ್ಲೇ ಇದ್ದಳು. ತಾಶೀಲ್ದಾರ ಅವಳ ಕೈಯಿಂದ ಹತ್ತರಕಿ ಸೊಪ್ಪಿನ ಎಲೆ ಕಚ್ಚಿ ಎಳೆಯುತ್ತಿತ್ತು.

ವಾರದೊಳಗೆ ನಿಜಾಮನ ಆಳ್ವಿಕೆ ಮುಗಿಯಿತೆಂದು ಡಂಗುರವಾಯಿತು. ನದಿಯಾಚೆ ಹೋದವರು ಒಬ್ಬೊಬ್ಬರೇ ಮರಳಿದರು. ಒಂದು ಮನೆಯಲ್ಲಿ ಆರತಿ, ಇನ್ನೊಂದರಲ್ಲಿ ಹೋಳಿಗೆ. ಕರಿಬಸಯ್ಯ ಬರಲಿಲ್ಲ, ಅಂಜಯ್ಯನೂ ಇಲ್ಲ. "ಕುಣಿಗೆ ಇಳದಾಳಲ್ಲ, ಇನ್ನೆಲ್ಲಿ ಬರ್ತಾನ," ಎಂದು ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವಂತೆಯೇ ಅಂದರು. ಅವಳು ಕೊಡ ತುಂಬಿಕೊಂಡಳು. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಸಾಕಾಗಿ, ಆಮೆ ತಿನ್ನುವವರೆಗೆ ಕೈ ಸುಮ್ಮನಿರಲಾರದೆ ಲಾಳಿ ಎತ್ತಿಕೊಂಡಳು. ಹುಟ್ಟಿದಾಗಿನಿಂದ ನೋಡಿದ ಕೆಲಸ, ಕೈಗೆ ಬರದೆ ಇರುತ್ತದೆಯೇ? ಉಳಿದಿದ್ದ ಮೊಳದಷ್ಟು ಸೀರೆ ಹದಿನೈದು ದಿನದಲ್ಲಿ ಮುಗಿಯಿತು.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಮಕ್ತಲ್ ಕಡೆಯ ಬಂಡಿಯೊಂದು ಬಾಗಿಲಿಗೆ ಬಂತು. ಅಂಜಯ್ಯನ ಹೆಗಲು ಹಿಡಿದು ಕರಿಬಸಯ್ಯ ಇಳಿದ. ಕೈಯಲ್ಲಿ ಕೋಲು. ಬಲಗಾಲು ಮೊಣಕಾಲಿನಲ್ಲಿ ಮಡಚುತ್ತಿರಲಿಲ್ಲ. ಮುರಿದ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು. ಹೊಸ್ತಿಲಲ್ಲಿ ನಿಂತ ಅವನ ನೆರಳು ಬಿದ್ದದ್ದೇ ತಾಶೀಲ್ದಾರ ಬುಸ್ಸೆಂದು ಒಳಗೆ ಸೇರಿತು. ಗುರುಲಿಂಗಮ್ಮ ಕುಣಿಯಲ್ಲಿದ್ದಳು. ಕೂತಲ್ಲಿಂದಲೇ ಅವನ ಬಲಗಾಲನ್ನು ನೋಡಿದಳು. ಆ ಕಾಲು ಇನ್ನು ಯಾವ ಕುಣಿಗೂ ಇಳಿಯದು ಎಂದು ನೇಕಾರರ ಮನೆಯ ಹೆಣ್ಣಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಂಜಯ್ಯ ಹೋದ ಮೇಲೆ ಅವಳು ಗಂಡನ ಪಾದದ ಹತ್ತಿರ ಕುಸಿದಳು. "ನಾ ಕುಂತಿದ್ದಕ್ಕ ಹಿಂಗಾತ್ರೀ. ನಿಮ್ಮ ಕಾಲು ನಾನ ಮುರದೆ."

ಕರಿಬಸಯ್ಯ ಕೋಲನ್ನು ಗೋಡೆಗೆ ಆನಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ನೀ ಯಾವತ್ತು ಕುಂತಿ?"

"ಚೌತಿ ಆಗಿ ಎರಡನೇ ದಿನ, ಮುಂಜಾನೆ."

"ಹುಚ್ಚಿ," ಎಂದ. "ನನ್ನ ಕಾಲು ಮುರದದ್ದು ನಾಗರಪಂಚಮಿಗೆ. ನೀ ಕುಣಿ ಮುಟ್ಟೂ ಹೊತ್ತಿಗೆ ತಿಂಗಳಾಗಿತ್ತು. ಹಾಸಗಿ ಹಿಡದು ಬಿದ್ದಿದ್ದೆ ನಾ."

ಅಂದು ರಾತ್ರಿ, ಮೂರು ತಿಂಗಳಲ್ಲಿ ಮೊದಲ ಸಲ, ಅವಳು ನಿದ್ದೆ ಮಾಡಿದಳು.

ಕಾರ್ತಿಕದಲ್ಲಿ ಅಂಜಯ್ಯ ಊಟಕ್ಕೆ ಬಂದಿದ್ದ. ಕರಿಬಸಯ್ಯ ಅಂಗಳದಲ್ಲಿದ್ದ. ರೊಟ್ಟಿ ಮುರಿಯುತ್ತ ಅಂಜಯ್ಯ ತಾನಾಗಿಯೇ ಹೇಳಿದ: "ಹೊಳಿ ಆಚಿ ಕ್ಯಾಂಪಿನಾಗ ನಿನ್ನ ಗಂಡ ಛಲೋ ಇದ್ದನವ್ವಾ ತಂಗಿ. ಚೌತಿ ಹಬ್ಬದಾಗ ಮನಿ ನೆನಸಿಕೊಂಡು ಹಟ ಹಿಡದ. ಒಂದ್ಸಲ ಆಕೀನ್ನ ನೋಡಿ ಬರ್ತೀನಿ ಅಂದ. ಹಬ್ಬ ಆಗಿ ಎರಡನೇ ದಿನ ಮುಂಜಾನೆ ಹೊಂಟು, ಹರಿಗೋಲಿನಿಂದ ಇಳಿಯೂವಾಗ ಕಲ್ಲಿನ ಮ್ಯಾಲೆ ಜಾರಿ ಕಾಲು ಮುರಕೊಂಡ."

ಅವಳ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. ಆಮೇಲೆ ಅವಳು ಬಡಿಸಿದಳು. 

ಮಧ್ಯಾಹ್ನ ಕರಿಬಸಯ್ಯ ಎಂದಿನಂತೆ ಕುಣಿಯ ಪಕ್ಕ ನೆಲದ ಮೇಲೆ ಮಡಚದ ಕಾಲನ್ನು ಉದ್ದಕ್ಕೆ ಚಾಚಿ, ಹೆಂಗಸರ ಕೆಲಸವೆಂದು ಯಾರು ನಕ್ಕರೂ ನಗಲಿ ಎಂದು ರಾಟಿ ತಿರುವುತ್ತ ಕೂತಿದ್ದ. ತಾಶೀಲ್ದಾರ ಆ ಕಾಲಿಗೆ ಆತುಕೊಂಡು ಬಿಸಿಲು ಕಾಯುತ್ತಿತ್ತು. ಅವನ ಕೈಗೆ ಅದು ಮತ್ತೆ ರೂಢಿಯಾಗಲು ಎಂಟು ದಿನ ಹಿಡಿದಿತ್ತು.

ಗುರುಲಿಂಗಮ್ಮ ಬಂದು ನಿಂತಳು. "ಪಂಚಮಿ ದಿನ ಅಲ್ಲಿ ಮಳಿ ಇತ್ತೇನ್ರಿ?"

"ಇತ್ತು. ಜೋರು ಇತ್ತು," ಎಂದ ಅವನು, ರಾಟಿಯಿಂದ ಕಣ್ಣೆತ್ತದೆ.

"ಹಂಗಾರ ಜಾರಿರ್ತೀರಿ," ಎಂದು ಹೇಳಿ ಅವಳು ಕುಣಿಗೆ ಕಾಲಿಳಿಸಿದಳು.