ಅಕ್ಕನ ಬಾಯಲ್ಲಿ ನನ್ನ ಒಡಪು

ನನ್ನ ಬರವಣಿಗೆ ಎಲ್ಲಿಂದ ಶುರುವಾಯಿತು ಎಂದು ಸಂದರ್ಶನಗಳಲ್ಲಿ ಕೇಳುತ್ತಾರೆ. ಊರ ಗ್ರಂಥಾಲಯ, ಅಜ್ಜಿಯ ಕಥೆ ಎಂದೆಲ್ಲ ಹೇಳಿ ಪಾರಾಗುತ್ತೇನೆ. ನಮ್ಮ ಅಜ್ಜಿ ಕಥೆ ಹೇಳುತ್ತಿರಲಿಲ್ಲ, ಬೈಯುತ್ತಿದ್ದಳು. ನಿಜ ಹೇಳಬೇಕೆಂದರೆ ನಾನು ಕಾದಂಬರಿಗಾರ್ತಿಯಾದದ್ದೂ ನಟಿಯಾದದ್ದೂ ಇಳಕಲ್ಲಿನ ನಮ್ಮ ಮನೆಯಲ್ಲಿ, ಅಕ್ಕನ ಮದುವೆಯ ಹಿಂದಿನ ವಾರ.

ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಎಲ್ಲರ ಮುಂದೆ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಅಕ್ಕನ ಕೈ ಚುರುಕು. ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಕೂಡಿಸುವ ಕೆಲಸದಲ್ಲಿ ಓಣಿಯಲ್ಲೇ ಆಕೆಯನ್ನು ಮೀರಿಸುವವರಿರಲಿಲ್ಲ. ಆದರೆ ನಾಲ್ಕು ಜನ ಕಂಡರೆ ನಾಲಿಗೆ ಒಣಗುತ್ತಿತ್ತು. ಅತ್ತೆಯಾಗುವವರೋ, ಹುನಗುಂದದಲ್ಲಿ ಒಡಪಿಗೇ ಹೆಸರಾದವರು.

ಒಂಬತ್ತನೇ ಇಯತ್ತೆಯಲ್ಲಿದ್ದ ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟೆ:

"ಇಳಕಲ್ ಸೀರಿಗೆ ತೋಪತೆನಿ ಸೆರಗು,
ಈ ಮನಿಗೆ ನಮ್ಮ ಅತ್ತಿಯವರೇ ಮೆರುಗು..."

ತೋಪತೆನಿ ಅಂದರೆ ಇಳಕಲ್ ಸೆರಗಿನ ಕೆಂಪು-ಬಿಳಿ ನೇಯ್ಗೆ. ಈ ಸಾಲುಗಳ ಹಿಂದೆ ಭಾವನ ಹೆಸರು. ಅತ್ತೆಯನ್ನು ಹೊಗಳಿದರೆ ಗಂಡನ ಹೆಸರು ತಾನಾಗಿ ದಡ ಸೇರುತ್ತದೆ ಎಂಬುದು ಆ ವಯಸ್ಸಿಗೇ ನನಗೆ ತಿಳಿದಿತ್ತು.

ಬರೆದದ್ದು ಸುಲಭ, ಹೇಳಿಸುವುದು ಕಷ್ಟ. ಅಕ್ಕನ ನಾಚಿಕೆ ಅಪ್ಪಟವಾದದ್ದು, ಆದ್ದರಿಂದಲೇ ನೋಡಲು ಚೆನ್ನಾಗಿರಲಿಲ್ಲ: ಬೆವರುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು. ಹಾಗಾಗಿ ನಾನೇ ಆಕೆಗೆ ನಾಚುವುದನ್ನು ಕಲಿಸಿದೆ. ತಲೆ ಎಷ್ಟು ತಗ್ಗಿಸಬೇಕು, ಹೆಸರಿಗೆ ಮುಂಚೆ ಎಷ್ಟು ತಡೆಯಬೇಕು, ಸೆರಗಿನ ತುದಿ ಯಾವಾಗ ಬೆರಳಿಗೆ ಸುತ್ತಬೇಕು, ಎಲ್ಲವನ್ನೂ ಮಗ್ಗದ ಪಕ್ಕ ನಿಂತು ಮಾಡಿ ತೋರಿಸಿದೆ.

ಮದುವೆಯಲ್ಲಿ ಅಕ್ಕ ತಪ್ಪಿಲ್ಲದೆ ಹೇಳಿಬಿಟ್ಟಳು. ಅತ್ತೆ ಸೊಸೆಯ ಗಲ್ಲ ಹಿಡಿದು, "ನನ್ನ ಜೋಡಿ ಸಿಕ್ಳು ನೋಡ್ರಿ!" ಎಂದರು. ಅಲ್ಲಿಂದ ಶುರುವಾಯಿತು ಗೋಳು. ಉಡಿ ತುಂಬುವುದಿರಲಿ, ತೊಟ್ಟಿಲಿಗೆ ಹಾಕುವುದಿರಲಿ, "ನಮ್ಮ ಸೊಸಿ ಹೇಳ್ತಾಳ ತಡೀರಿ" ಎಂದು ಅತ್ತೆ ಅಕ್ಕನನ್ನು ಮುಂದೆ ತಳ್ಳುತ್ತಿದ್ದರು. ಅಕ್ಕ ಬಚ್ಚಲಿಗೆ ಹೋಗಿ ಫೋನ್ ಹಚ್ಚುತ್ತಿದ್ದಳು.

"ಲಗೂನ ಒಂದು ಹೇಳ ತಂಗಿ. ಗೊತ್ತಾದ್ರ ಅತ್ತಿ ಮುಖಾ ಹೆಂಗ ನೋಡ್ಲಿ? ಹಿಂತಾಕಿ ಸುಳ್ಳಾಡಿ ಮನಿ ಹೊಕ್ಕಾಳ ಅಂತಾರ!"

ಆಕೆಯ ಭಯ ಆಟದ್ದಲ್ಲ. ಆ ಮನೆಯಲ್ಲಿ ಆಕೆಗೆ ಸಿಕ್ಕಿದ್ದ ಪ್ರೀತಿಯೆಲ್ಲ ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯ ಮೇಲೆ ನಿಂತಿತ್ತು. ನನಗೋ ಅದೇ ಸೊಕ್ಕು.

ನಾನು ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ಅಕ್ಕನ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಮೊದಲ ಬಸುರು, ಹುನಗುಂದದ ಮನೆಯ ತುಂಬ ಜನ. ಒಡಪು ಬರೆದುಕೊಂಡು ಹಿಂದಿನ ದಿನವೇ ಬರುತ್ತೇನೆಂದು ಮಾತು ಕೊಟ್ಟೆ. ಕುಬಸದ ದಿನಕ್ಕೇ ಬಾದಾಮಿಯಲ್ಲಿ ನಾಟಕ ಸ್ಪರ್ಧೆ ಬಂತು. ನನ್ನದು ಹೊಸ ಸೊಸೆಯ ಪಾತ್ರ. ಹೋದೆ. ಫೋನ್ ಬಂದ್ ಮಾಡಿದೆ. ರಂಗದ ಮೇಲೆ ತಲೆ ತಗ್ಗಿಸಿ, ಬೆವರಿ, ಮೂಗು ಒರೆಸಿಕೊಂಡೆ. ಅಕ್ಕನ ಆ ಅಸಲಿ ನಾಚಿಕೆಗೇ ನನಗೆ ಬಹುಮಾನ ಬಂತು. ನಾನು ಕದ್ದ ಮೊದಲ ವಸ್ತು ಅದು.

ಮರುದಿನ ಹುನಗುಂದಕ್ಕೆ ಹೋದೆ. ಅಕ್ಕ ನಡುಮನೆಯಲ್ಲಿ ಹಸಿರು ಬಳೆ ತೊಟ್ಟು ಕೂತಿದ್ದಳು. ಕುಳಗೇರಿ ಕ್ರಾಸ್‌ನಲ್ಲಿ ಬಸ್ ತಪ್ಪಿತು ಎಂದೆ.

ಅತ್ತೆ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗಿಟ್ಟರು. "ಅಲ್ಲವಾ, ಬಾಗಲಕೋಟಿಯಿಂದ ಹುನಗುಂದಕ್ಕ ಬರಾಕ ಬಾದಾಮಿ ಕಡಿ ಕುಳಗೇರಿ ಕ್ರಾಸಿಗೆ ಯಾಕ ಹೋಗಿದ್ದಿ? ಒಡಪು ಭಾಳ ಚಂದ ಬರೀತಿ ಖರೆ, ದಾರಿ ಗೊತ್ತಿಲ್ಲ ನಿನಗ."

ನಾನು ಅಕ್ಕನ ಕಡೆ ನೋಡಿದೆ. ಒಡಪು ನನ್ನದೆಂದು ಇವರಿಗೆ ಹೇಳಿದವರು ಯಾರು?

"ಇಕಿನ ಹೇಳಿದ್ಲು," ಎಂದು ಸೊಸೆಯ ಕಡೆ ಕೈ ಮಾಡಿದರು. ನಿನ್ನೆ ಒಡಪಿನ ಸರದಿ ಬಂದಾಗ ಅಕ್ಕ ಅಷ್ಟು ಹೆಂಗಸರ ಮುಂದೆ ತಲೆ ಎತ್ತಿ ಹೇಳಿದಳಂತೆ: "ನನಗ ಒಡಪು ಬರೂದಿಲ್ರಿ. ಇಷ್ಟು ದಿನ ಹೇಳಿದ ಮಾತೆಲ್ಲಾ ನನ್ನ ತಂಗೀವು. ಗಂಡ ಒಬ್ಬಾಂವ ನನ್ನಾಂವ." ಹಾಗೆಂದು, ಪ್ರಾಸವಿಲ್ಲದೆ, ಭಾವನ ಹೆಸರನ್ನು ನೆಟ್ಟಗೆ ಹೇಳಿಬಿಟ್ಟಳಂತೆ. ಮೊದಲು ನಕ್ಕವರು ಅತ್ತೆಯೇ.

ನನಗೆ ನಾಚಿಕೆಯಾಯಿತು; ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ನಾನು ಬರೆದದ್ದರಲ್ಲಿ ಒಂದೂ ಆ ಮಾತಿನ ಹತ್ತಿರ ಸುಳಿಯುವಂತಿರಲಿಲ್ಲ.

ಮೊದಲ ಕಾದಂಬರಿ ಬರೆಯುವಾಗ ಆ ಮಾತನ್ನು ಹಾಗೆಯೇ ನಾಯಕಿಯ ಬಾಯಿಗೆ ಹಾಕಿದೆ. ಓದಿದವರೆಲ್ಲ ಅದೊಂದನ್ನೇ ಎತ್ತಿ ಹೊಗಳಿದರು. ವೇದಿಕೆಯ ಮೇಲೆ ತಲೆ ತಗ್ಗಿಸಿ, ಎಷ್ಟು ತಡೆಯಬೇಕೋ ಅಷ್ಟು ತಡೆದು, ಕೈ ಮುಗಿದೆ.

ಆಮೇಲೊಮ್ಮೆ ಅಕ್ಕನ ಮನೆಗೆ ಹೋದಾಗ ಅಕ್ಕ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು.

"ಇದು ನಂದಲ್ಲ?"

"ಹೂಂ."

ಬೈಯುತ್ತಾಳೆಂದು ಕಾದೆ. ಅಕ್ಕ ಪುಸ್ತಕ ಮಡಚಿ ನನ್ನ ಕೈಗಿಟ್ಟು, "ಅಂಜಬ್ಯಾಡ. ಯಾರರ ಕೇಳಿದ್ರ ನಾ ಹೇಳಂಗಿಲ್ಲ" ಎಂದು ಚಹಾ ಇಡಲು ಒಳಗೆ ಹೋದಳು.

ಆಕೆ ಹೇಳಲಿಲ್ಲ. ಅಷ್ಟು ಜನರ ಮುಂದೆ ಆಕೆ ಒಂದು ಗಳಿಗೆಯಲ್ಲಿ ಮಾಡಿದ್ದನ್ನು ಮಾಡಲು ನನಗೆ ಇಷ್ಟು ವರ್ಷ ಹಿಡಿಯಿತು. ಆ ಸಾಲು ನನ್ನದಲ್ಲ, ನನ್ನ ಅಕ್ಕನದು.